ಅಂಗಾಲಿನ ಕಪ್ಪು ಕಲೆ: ಒಂದು ಅಪರೂಪದ ಕ್ಯಾನ್ಸರ್ ಮತ್ತು ನಮ್ಮ ನೆರವು ನಿಧಿ

(ಸಂಘದ ವೈದ್ಯಕೀಯ ನೆರವು ಸಮಿತಿಯ ವಾರ್ಷಿಕ ಸಭೆಯಲ್ಲಿ, ಸಂಘದ ಸದಸ್ಯರೂ ಚರ್ಮರೋಗ ತಜ್ಞರೂ ಆದ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಚರ್ಮದ ಕ್ಯಾನ್ಸರ್’. ಅದು ಮುಕ್ಕಾಲು ಗಂಟೆಯಲ್ಲಿ ಮುಗಿಯುವ ವಿಷಯವಲ್ಲ. ಚರ್ಮದ ಕ್ಯಾನ್ಸರಿನಲ್ಲಿ ಹಲವು ಬಗೆ ಇವೆ, ಹೆಚ್ಚಿನವು ನಿಧಾನ, ಕತ್ತರಿಸಿ ತೆಗೆದರೆ ವಾಸಿಯಾಗುತ್ತವೆ. ನಾನು ಈವತ್ತು ಅವುಗಳ ಬಗ್ಗೆ ಮಾತಾಡುವುದಿಲ್ಲ. ಒಂದೇ ಒಂದನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಅಕ್ರಲ್ ಮೆಲನೋಮಾ. ಅಂಗಾಲು, ಅಂಗೈ, ಉಗುರಿನ ಅಡಿ, ಈ ಮೂರು ಜಾಗಗಳಲ್ಲಿ ಬರುವ ಮೆಲನೋಮಾ. ಬಹಳ ಅಪರೂಪ, ಬಹಳ ಅಪಾಯಕಾರಿ. ಇದನ್ನೇ ಆರಿಸಿದ್ದಕ್ಕೆ ಕಾರಣ ನಮ್ಮ ನಿಧಿಯ ಕಡತದಲ್ಲಿದೆ. ಈ ಕಾಯಿಲೆಗೆ ನೆರವು ಕೋರಿ ಬಂದ ಅರ್ಜಿಗಳನ್ನು ಸಮಿತಿಯವರು ನನಗೆ ತೋರಿಸಿದ್ದರು. ಎಲ್ಲವೂ ತಡವಾಗಿ ಬಂದ ಅರ್ಜಿಗಳೇ. ನಾವು ಹಣ ಕೊಟ್ಟೆವು, ಕೊಡಬೇಕಾದ್ದೇ. ಆದರೆ ಆ ಹಣದ ಹತ್ತರಲ್ಲಿ ಒಂದು ಪಾಲು ಒಂದು ವರ್ಷ ಮೊದಲು ಆ ಮನೆಗಳಿಗೆ ತಲುಪಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ನನಗೆ ಅನ್ನಿಸಿತು. ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಮೊದಲು ಕಾಯಿಲೆ ಏನು ಎಂದು ತಿಳಿಯೋಣ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೊಸೈಟ್ ಎನ್ನುತ್ತಾರೆ. ಅವು ಹದ್ದು ಮೀರಿ ಬೆಳೆಯತೊಡಗಿದರೆ ಅದು ಮೆಲನೋಮಾ. ಬಿಳಿಯರ ದೇಶಗಳಲ್ಲಿ, ಅದರಲ್ಲೂ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ, ಇದು ಮನೆಮಾತು. ಅಲ್ಲಿ ಸುಡುಬಿಸಿಲು ಬಿಳಿ ಚರ್ಮದ ಮೇಲೆ ಬಿದ್ದು ಬೆನ್ನಿಗೆ, ಕಾಲಿಗೆ, ಮುಖಕ್ಕೆ ಬರುತ್ತದೆ. ನಮ್ಮಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ನಮ್ಮ ಕಪ್ಪು, ಕಂದು ಚರ್ಮವೇ ನಮಗೆ ಕೊಡೆ. ಆದರೆ ಬಿಸಿಲೇ ಕಾಣದ ಅಂಗಾಲಿಗೆ ಬರುವ ಮೆಲನೋಮಾಕ್ಕೆ ಬಿಸಿಲು ಕಾರಣವಲ್ಲ, ಆದ್ದರಿಂದ ಅಲ್ಲಿ ಆ ಕೊಡೆಯೂ ಉಪಯೋಗಕ್ಕಿಲ್ಲ. ನಮ್ಮ ದೇಶ, ಜಪಾನ್, ಚೀನಾ, ಆಫ್ರಿಕಾದ ಜನರಲ್ಲಿ ಮೆಲನೋಮಾ ಬಂದರೆ ಹೆಚ್ಚಾಗಿ ಅದು ಕಾಲಿನಲ್ಲೇ. ಹಿಮ್ಮಡಿ, ಹೆಬ್ಬೆರಳಿನ ಬುಡದ ಮೆತ್ತೆ, ಹೆಬ್ಬೆರಳಿನ ಉಗುರು, ಅಂದರೆ ದೇಹದ ಭಾರ ಬೀಳುವ, ಪೆಟ್ಟು ತಾಗುವ ಜಾಗಗಳಲ್ಲಿ. ಹಾಗೆಂದು ಬರಿಗಾಲಲ್ಲಿ ನಡೆದವರಿಗೆಲ್ಲ ಬರುವ ರೋಗ ಇದಲ್ಲ, ಯಾರೂ ಹೆದರಬೇಡಿ. ಇದು ಅಂಟುರೋಗವೂ ಅಲ್ಲ. ಒಂದೇ ಬಕೆಟ್ಟು, ಒಂದೇ ಚಪ್ಪಲಿ ಬಳಸಿದ್ದರಿಂದ ಬಾರದು.

ಅಪರೂಪದ ರೋಗದ ದೊಡ್ಡ ತೊಂದರೆ ಅದು ಅಪರೂಪ ಎನ್ನುವುದೇ. ಗಲ್ಲಿಯ ಡಾಕ್ಟರರು ತಮ್ಮ ಇಡೀ ವೃತ್ತಿಯಲ್ಲಿ ಇಂಥದ್ದನ್ನು ಒಂದೆರಡು ಸಲ ನೋಡಿದರೆ ಹೆಚ್ಚು. ಅದೇ ಅಂಗಾಲಿನಲ್ಲಿ ಆಣಿ ಕಂಡವರು, ನರಹುಲಿ ಕಂಡವರು, ಸಕ್ಕರೆ ಕಾಯಿಲೆಯ ಹುಣ್ಣು ಕಂಡವರು ದಿನಾ ಬರುತ್ತಾರೆ. ಹಾಗಾಗಿ ಇದನ್ನೂ ಆಣಿ ಎಂದುಕೊಳ್ಳುವುದು ಸುಲಭ. ಉಗುರಿನಲ್ಲಿ ಬಂದರೆ ಉಗುರುಸುತ್ತು ಎನ್ನುತ್ತಾರೆ, ಫಂಗಸ್ ಎನ್ನುತ್ತಾರೆ, ಬಾಗಿಲಿಗೆ ಬೆರಳು ಸಿಕ್ಕಿ ರಕ್ತ ಕಟ್ಟಿದೆ ಎನ್ನುತ್ತಾರೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅವರು ಹೇಳಿದ್ದೇ ಸರಿ. ನಮಗೆ ಬೇಕಾದ್ದು ಆ ಇನ್ನೊಂದು ಸಲ ಯಾವುದು ಎಂದು ಗುರುತಿಸುವ ಉಪಾಯ.

ಅಂಥ ಉಪಾಯಗಳಿವೆ. ಮೊದಲನೆಯದು ಬಣ್ಣ. ಆಣಿಗೆ ಬಣ್ಣವಿಲ್ಲ, ಅದು ದಪ್ಪ ಚರ್ಮ ಅಷ್ಟೇ. ಅಂಗಾಲಿನಲ್ಲಿ ಕಂದು, ಕಪ್ಪು, ನೀಲಿ ಬಣ್ಣ ಕಂಡರೆ, ಅದರಲ್ಲೂ ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ ಕಂಡರೆ, ಗಮನ ಕೊಡಬೇಕು. ಎರಡನೆಯದು ಬೆಳವಣಿಗೆ. ದೊಡ್ಡವರಾದ ಮೇಲೆ ಹೊಸದಾಗಿ ಹುಟ್ಟಿ, ಏಳು ಮಿಲಿಮೀಟರ್ ದಾಟಿದ ಅಂಗಾಲಿನ ಕಲೆಯನ್ನು ಚರ್ಮದ ಡಾಕ್ಟರು ಒಮ್ಮೆ ನೋಡಲೇಬೇಕು. ಏಳು ಮಿಲಿಮೀಟರ್ ಎಂದರೆ ಎಷ್ಟು? ಪೆನ್ಸಿಲ್ಲಿನ ಹಿಂಬದಿಯನ್ನು ಕಲೆಯ ಮೇಲಿಡಿ. ಕಲೆ ಮುಚ್ಚಿಹೋಗಬೇಕು, ಹೊರಗೆ ಇಣುಕಿದರೆ ತೋರಿಸಿ. ಮೂರನೆಯದು ರಕ್ತ ಅಥವಾ ನೀರು ಒಸರುವುದು. ನಾಲ್ಕನೆಯದು ವಾಸಿಯಾಗದಿರುವುದು. ಕಾಲಿನ ಯಾವ ಗಾಯವೇ ಆಗಲಿ, ಸರಿಯಾಗಿ ಚಿಕಿತ್ಸೆ ಮಾಡಿಯೂ ಎರಡು ತಿಂಗಳಲ್ಲಿ ಒಣಗದಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು. ಐದನೆಯದು ನನಗೆ ಬಹಳ ಇಷ್ಟವಾದದ್ದು: ‘ಇದು ಏನೆಂದು ಯಾರಿಗೂ ಖಚಿತವಿಲ್ಲ’ ಎನ್ನುವುದೂ ಒಂದು ಲಕ್ಷಣ. ಮೂರು ಕಡೆ ತೋರಿಸಿದಿರಿ, ಮೂವರೂ ಮೂರು ಹೆಸರು ಹೇಳಿದರು ಎಂದರೆ ಬಯಾಪ್ಸಿ ಮಾಡುವ ಹೊತ್ತಾಯಿತು.

ಒಂದು ಎಚ್ಚರಿಕೆ. ಕೆಲವು ಮೆಲನೋಮಾಗಳಿಗೆ ಬಣ್ಣವೇ ಇರುವುದಿಲ್ಲ. ಕೆಂಪು ಮಾಂಸದ ಗಂಟಿನಂತೆ, ಒಣಗದ ಹುಣ್ಣಿನಂತೆ ಇರುತ್ತವೆ. ಇವುಗಳಲ್ಲಿಯೇ ತಡವಾಗುವುದು ಹೆಚ್ಚು. ಆದ್ದರಿಂದ ಕಪ್ಪಿಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆಯಾಗಬೇಡಿ, ಎರಡು ತಿಂಗಳ ಲೆಕ್ಕ ಮರೆಯಬೇಡಿ.

ಉಗುರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಭಾಷಣ ಮುಗಿದ ಕೂಡಲೇ ಅರ್ಧ ಸಭೆ ತಮ್ಮ ಉಗುರು ನೋಡಿಕೊಂಡು ನನ್ನ ಹತ್ತಿರ ಬರುತ್ತದೆ ಎಂದು ಗೊತ್ತು! ನಮ್ಮಂಥ ಬಣ್ಣದವರಿಗೆ ವಯಸ್ಸಾದಂತೆ ಉಗುರುಗಳಲ್ಲಿ ಉದ್ದುದ್ದ ಕಂದು ಗೆರೆ ಮೂಡುವುದು ಸಾಮಾನ್ಯ. ನಾಲ್ಕಾರು ಉಗುರುಗಳಲ್ಲಿ ತೆಳ್ಳಗೆ, ಒಂದೇ ರೀತಿ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಒಂದೇ ಒಂದು ಉಗುರಿನಲ್ಲಿ, ಹೆಚ್ಚಾಗಿ ಹೆಬ್ಬೆರಳಿನಲ್ಲಿ, ಗೆರೆ ಹೊಸದಾಗಿ ಬಂದು ಅಗಲವಾಗುತ್ತ ಹೋದರೆ, ಉಗುರು ಸೀಳಿದರೆ, ಅಥವಾ ಕಪ್ಪು ಬಣ್ಣ ಉಗುರು ದಾಟಿ ಬುಡದ ಚರ್ಮಕ್ಕೆ ಇಳಿದರೆ ಅದು ಬೇರೆ ಮಾತು. ಈ ಕೊನೆಯ ಲಕ್ಷಣವನ್ನು ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯರು 19ನೇ ಶತಮಾನದಲ್ಲೇ ಗುರುತಿಸಿದ್ದರು, ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತೇವೆ. ಪೆಟ್ಟಿನಿಂದ ಕಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಅದೂ ಮುಂದಕ್ಕೆ ಸರಿಯುತ್ತದೆ, ಬುಡದಲ್ಲಿ ಒಳ್ಳೆಯ ಉಗುರು ಕಾಣುತ್ತದೆ. ಮೆಲನೋಮಾ ಸರಿಯುವುದಿಲ್ಲ.

ನಾನು ನೋಡಿದ ಇಬ್ಬರ ವಿಷಯ ಹೇಳುತ್ತೇನೆ, ಹೆಸರು ಊರು ಬಿಟ್ಟು. ಒಬ್ಬರು ಹೋಟೆಲಿನಲ್ಲಿ ಇಪ್ಪತ್ತೈದು ವರ್ಷ ದೋಸೆ ಕಲ್ಲಿನ ಮುಂದೆ ನಿಂತವರು. ಹಿಮ್ಮಡಿಯಲ್ಲಿ ಕಪ್ಪು ಕಲೆ ಬಂತು. ಅಡುಗೆಮನೆಯ ನೀರಿನಲ್ಲಿ ನಿಂತು ನಿಂತು ಆದದ್ದು ಎಂದುಕೊಂಡರು. ಊರಿನಿಂದ ಗೇರೆಣ್ಣೆ ತರಿಸಿ ಹಚ್ಚಿದರು. ಹಿಮ್ಮಡಿ ಒಡೆದರೆ ಹಚ್ಚುವ ಎಣ್ಣೆ, ನಿಮಗೆಲ್ಲ ಗೊತ್ತು. ಅದು ಚರ್ಮವನ್ನು ಸುಟ್ಟು ಕಪ್ಪು ಮಾಡುತ್ತದೆ. ಹಾಗಾಗಿ ಆಮೇಲೆ ಎಷ್ಟು ಕಪ್ಪು ಎಣ್ಣೆಯದ್ದು, ಎಷ್ಟು ರೋಗದ್ದು ಎಂದು ಯಾರಿಗೂ ತಿಳಿಯದಾಯಿತು. ಔಷಧದಂಗಡಿಯ ಕಾರ್ನ್ ಕ್ಯಾಪ್ ಅಂಟಿಸಿದರು. ನಾಲ್ಕು ತಿಂಗಳ ಮೇಲೆ ಒಂದು ಕ್ಲಿನಿಕ್ಕಿನಲ್ಲಿ ಬ್ಲೇಡಿನಿಂದ ಕೆರೆದು ತೆಗೆದರು, ತೆಗೆದ ತುಂಡು ಕಸದ ಬುಟ್ಟಿಗೆ ಹೋಯಿತು. ಗಾಯ ಒಣಗಲಿಲ್ಲ. ಡ್ರೆಸಿಂಗ್ ನಡೆಯಿತು. ರಜೆ ಹಾಕಿದರೆ ಸಂಬಳ ಹೋಗುತ್ತದೆ ಎಂದು ಕುಂಟುತ್ತಲೇ ಕೆಲಸ ಮಾಡಿದರು. ನನ್ನ ಬಳಿ ಬಂದಾಗ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಅವರು ಈಗ ಇಲ್ಲ.

ಇನ್ನೊಬ್ಬರು ಮನೆಯಲ್ಲಿರುವ ಹೆಂಗಸು, ಅರವತ್ತರ ಹತ್ತಿರ. ಮಗಳು ಅಮ್ಮನ ಕಾಲಿಗೆ ಎಣ್ಣೆ ಹಚ್ಚುವಾಗ ಅಂಗಾಲಿನ ನಡುವೆ ಒಂದು ಕಲೆ ಕಂಡಳು. ಅಮ್ಮನಿಗೆ ನೋವಿಲ್ಲ, ತುರಿಕೆಯಿಲ್ಲ, ‘ಹುಟ್ಟು ಮಚ್ಚೆ ಇರಬೇಕು ಬಿಡೇ’ ಎಂದರು. ಮಗಳು ಬಿಡಲಿಲ್ಲ, ಕರೆತಂದಳು. ಬಯಾಪ್ಸಿಯಲ್ಲಿ ಮೆಲನೋಮಾ ಎಂದೇ ಬಂತು, ಆದರೆ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿ ಕತ್ತರಿಸಿದರು, ತೊಡೆಯ ಚರ್ಮ ತೆಗೆದು ಹೊಲಿದರು. ಆರು ವರ್ಷವಾಯಿತು. ಈಗಲೂ ತಪಾಸಣೆಗೆ ಬರುವಾಗ ನನಗೆ ಉಪ್ಪಿನಕಾಯಿ ತರುತ್ತಾರೆ. ಇಬ್ಬರಿಗೂ ಬಂದದ್ದು ಒಂದೇ ರೋಗ.

ಈ ‘ಆಳ’ ಎನ್ನುವ ಮಾತು ಮುಖ್ಯ. 1970ರಲ್ಲಿ ಅಮೆರಿಕದ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೋ ಎಂಬವರು ತೋರಿಸಿಕೊಟ್ಟದ್ದು ಇಷ್ಟೆ: ಮೆಲನೋಮಾ ಎಷ್ಟು ಅಗಲ ಇದೆ ಎನ್ನುವುದಕ್ಕಿಂತ ಚರ್ಮದಲ್ಲಿ ಎಷ್ಟು ಕೆಳಕ್ಕೆ ಇಳಿದಿದೆ ಎನ್ನುವುದರ ಮೇಲೆ ಮನುಷ್ಯನ ಆಯುಷ್ಯ ನಿಂತಿದೆ. ಒಂದು ಮಿಲಿಮೀಟರ್ ಒಳಗಿದ್ದರೆ ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತಾರೆ. ನಾಲ್ಕು ಮಿಲಿಮೀಟರ್ ದಾಟಿದರೆ ದಾರಿ ಕಠಿಣ. ಒಂದರಿಂದ ನಾಲ್ಕು ಮಿಲಿಮೀಟರ್! ಹತ್ತು ರೂಪಾಯಿಯ ನಾಣ್ಯದ ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಎರಡು ನಾಣ್ಯದಷ್ಟು ದಪ್ಪದಲ್ಲಿ ಎಲ್ಲ ತೀರ್ಮಾನವಾಗಿಬಿಡುತ್ತದೆ. ಬ್ಲೇಡಿನಿಂದ ಮೇಲೆ ಮೇಲೆ ಕೆರೆದರೆ, ಆಸಿಡ್ ಹಾಕಿದರೆ, ಲೇಸರ್‌ನಲ್ಲಿ ಸುಟ್ಟರೆ ಈ ಆಳವನ್ನು ಅಳೆಯುವ ದಾರಿಯೇ ಮುಚ್ಚಿಹೋಗುತ್ತದೆ. ನಾವು ಅದನ್ನು ಬೇಡ ಎನ್ನುವುದು ಇದಕ್ಕೇ.

ಹಾಗಾದರೆ ಸರಿಯಾದ ಕ್ರಮ ಯಾವುದು? ಚರ್ಮದ ಡಾಕ್ಟರು ಮೊದಲು ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಲ್ಲಿ ನೋಡುತ್ತಾರೆ. ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ. ತಗ್ಗು, ಏರು, ತಗ್ಗು, ಏರು ಎಂದು ಸಾಲು ಸಾಲು. ಬೆರಳಚ್ಚು ಮೂಡುವುದು ಆ ಏರುಗಳಿಂದಲೇ. ಸಾಧಾರಣ ಮಚ್ಚೆಯ ಬಣ್ಣ ತಗ್ಗಿನ ಸಾಲಿನಲ್ಲಿ ಕೂತಿರುತ್ತದೆ, ಮೆಲನೋಮಾದ ಬಣ್ಣ ಏರಿನ ಮೇಲೆ ಹರಡಿರುತ್ತದೆ. ಇದನ್ನು ಕಂಡುಹಿಡಿದು ಜಗತ್ತಿಗೆ ಕಲಿಸಿದವರು ಜಪಾನಿನ ಚರ್ಮವೈದ್ಯರು. ಎಷ್ಟೋ ಮಂದಿಗೆ ಅನವಶ್ಯಕ ಕತ್ತರಿ ತಪ್ಪಿದ್ದು ಈ ಒಂದು ತಿಳಿವಿನಿಂದ. ಸಂಶಯ ಉಳಿದರೆ ಬಯಾಪ್ಸಿ. ಕಲೆ ಚಿಕ್ಕದಾದರೆ ಪೂರ್ತಿ, ದೊಡ್ಡದಾದರೆ ಹೆಚ್ಚು ದಪ್ಪವಿರುವ ಜಾಗದಿಂದ ಪೂರ್ಣ ಆಳದ ಒಂದು ತುಂಡು. ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಮಾಡಿಸಿಕೊಂಡವರು ಅದೇ ದಿನ ಮನೆಗೆ ಹೋಗುತ್ತಾರೆ.

ಬಯಾಪ್ಸಿ ಎಂದ ಕೂಡಲೇ ನಮ್ಮವರು ಹೇಳುವ ಮಾತು ‘ಡಾಕ್ಟ್ರೇ, ಕತ್ತಿ ತಾಗಿದರೆ ಹರಡುತ್ತದಂತೆ’. ಈ ‘ಅಂತೆ’ಯಿಂದ ಎಷ್ಟು ಜೀವ ಹೋಗಿದೆಯೋ! ಬಯಾಪ್ಸಿಯಿಂದ ಮೆಲನೋಮಾ ಹರಡುವುದಿಲ್ಲ. ಇದನ್ನು ಸಾಕಷ್ಟು ಪರೀಕ್ಷಿಸಿ ನೋಡಿದ್ದಾರೆ. ಬಯಾಪ್ಸಿ ಆದ ಮೇಲೆ ರೋಗ ಹೆಚ್ಚಾದಂತೆ ಕಾಣುವುದಕ್ಕೆ ಕಾರಣ ಬಯಾಪ್ಸಿಗೆ ಮೊದಲೇ ಅದು ಹೆಚ್ಚಾಗಿತ್ತು ಎನ್ನುವುದು.

ಇಲ್ಲಿ ನಿಮ್ಮೆಲ್ಲರಿಗೂ ಉಪಯೋಗಕ್ಕೆ ಬರುವ ಎರಡು ವಿಷಯ. ಒಂದು, ಯಾವ ಡಾಕ್ಟರೇ ಆಗಲಿ ದೇಹದಿಂದ ಏನನ್ನು ಕತ್ತರಿಸಿ ತೆಗೆದರೂ ‘ಪೆಥಾಲಜಿಗೆ ಕಳಿಸುತ್ತೀರಲ್ಲ?’ ಎಂದು ಕೇಳಿ. ಮಚ್ಚೆ ಇರಲಿ, ಆಣಿ ಇರಲಿ. ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಬೇಕು. ಸಲೈನಿನಲ್ಲಿ ಹಾಕಿ ಎರಡು ದಿನ ಇಟ್ಟರೆ ಅದು ಕೊಳೆತು ಯಾವ ಪರೀಕ್ಷೆಗೂ ಬಾರದು. ಇನ್ನೊಂದು, ರಿಪೋರ್ಟ್ ಕಾಗದ ಮಾತ್ರವಲ್ಲ, ಪ್ಯಾರಫಿನ್ ಬ್ಲಾಕ್ ಮತ್ತು ಸ್ಲೈಡುಗಳನ್ನೂ ಕೇಳಿ ಪಡೆದು ಜೋಪಾನವಾಗಿಡಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಅವರು ಮೊದಲು ಕೇಳುವುದು ಅದನ್ನೇ. ಮುಂದೆ ಜೀನ್ ಪರೀಕ್ಷೆಗೂ ಅದೇ ಬ್ಲಾಕ್ ಬೇಕು. ಬ್ಲಾಕ್ ಇಲ್ಲದೆ ಬಂದು ಎರಡನೇ ಬಾರಿ ಬಯಾಪ್ಸಿ ಮಾಡಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಚಿಕಿತ್ಸೆಯ ಮೊದಲ ಹೆಜ್ಜೆ ಶಸ್ತ್ರಚಿಕಿತ್ಸೆ. ಆಳಕ್ಕೆ ತಕ್ಕಂತೆ ಸುತ್ತ ಒಂದರಿಂದ ಎರಡು ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿ ತೆಗೆಯುತ್ತಾರೆ. ಉಗುರಿನದ್ದು ಆಳಕ್ಕೆ ಇಳಿದಿದ್ದರೆ ಬೆರಳಿನ ಒಂದು ಭಾಗ ಹೋಗಬಹುದು. ಕಾಲೇ ಹೋಗುತ್ತದೆ ಎನ್ನುವ ಹೆದರಿಕೆಯಿಂದ ಜನ ಬರುವುದಿಲ್ಲ. ಬೇಗ ಬಂದವರಿಗೆ ಹಾಗಾಗುವುದಿಲ್ಲ. ಆಳ ಸುಮಾರು ಒಂದು ಮಿಲಿಮೀಟರ್ ದಾಟಿದ್ದರೆ ತೊಡೆಸಂದಿನ ದುಗ್ಧಗ್ರಂಥಿಗಳಲ್ಲಿ ಮೊದಲನೆಯದನ್ನು, ಅಂದರೆ ಕಾಲಿನಿಂದ ಹರಿದು ಬಂದದ್ದು ಮೊದಲು ತಲುಪುವ ಗ್ರಂಥಿಯನ್ನು, ತೆಗೆದು ನೋಡುತ್ತಾರೆ. ಮೊದಲೆಲ್ಲ ಅದರಲ್ಲಿ ರೋಗ ಕಂಡರೆ ತೊಡೆಸಂದಿನ ಗ್ರಂಥಿಗಳನ್ನೆಲ್ಲ ಬಾಚಿ ತೆಗೆಯುತ್ತಿದ್ದರು, ಕಾಲು ಜೀವಮಾನವಿಡೀ ಆನೆಕಾಲಿನಂತೆ ಊದಿಕೊಳ್ಳುತ್ತಿತ್ತು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ಹೀಗೆ ಎಲ್ಲವನ್ನೂ ತೆಗೆಯುವುದರಿಂದ ಆಯುಷ್ಯ ಹೆಚ್ಚುವುದಿಲ್ಲ ಎಂದು ತೋರಿಸಿತು. ಈಗ ಅಂಥವರನ್ನು ಸ್ಕ್ಯಾನ್ ಮಾಡುತ್ತ ಕಾಯುತ್ತಾರೆ. ಗಂಟು ಕೈಗೆ ಸಿಗುವಷ್ಟು ದೊಡ್ಡದಾಗಿದ್ದರೆ ಲೆಕ್ಕ ಬೇರೆ.

ನಿಮ್ಮ ಮಕ್ಕಳ ಟಿ-ಶರ್ಟಿನ ಮೇಲೆ ಬಾಬ್ ಮಾರ್ಲಿಯ ಚಿತ್ರ ನೋಡಿರಬಹುದು. ಜಮೈಕಾದ ಹಾಡುಗಾರ. 1977ರಲ್ಲಿ ಅವನ ಕಾಲಿನ ಹೆಬ್ಬೆರಳಿನ ಉಗುರಿನ ಅಡಿ ಇದೇ ರೋಗ ಪತ್ತೆಯಾಯಿತು. ಮೊದಲು ಅದನ್ನು ಫುಟ್‌ಬಾಲ್ ಆಡುವಾಗ ತಾಗಿದ ಪೆಟ್ಟು ಎಂದುಕೊಂಡಿದ್ದರು. ಬೆರಳು ತೆಗೆಸಿ ಎಂದ ವೈದ್ಯರ ಮಾತಿಗೆ ಅವನು ಒಪ್ಪಲಿಲ್ಲ, ಉಗುರಿನ ಭಾಗವನ್ನಷ್ಟೇ ತೆಗೆಸಿ ಚರ್ಮ ಹಾಕಿಸಿಕೊಂಡ. 1981ರ ಮೇ 11ರಂದು ತೀರಿಕೊಂಡಾಗ ವಯಸ್ಸು 36. ಹಣಕ್ಕೇನೂ ಕೊರತೆಯಿರಲಿಲ್ಲ.

ಆ ಕಾಲದಲ್ಲಿ ಹರಡಿದ ಮೆಲನೋಮಾಕ್ಕೆ ಔಷಧವೆಂಬುದು ಇರಲಿಲ್ಲ ಎಂದೇ ಹೇಳಬೇಕು. ಈಗ ಇದೆ. ನಮ್ಮ ದೇಹದ ರಕ್ಷಣಾ ಪಡೆಗೆ ಹಾಕಿರುವ ಬ್ರೇಕನ್ನು ತೆಗೆದು, ಅದೇ ಪಡೆ ಕ್ಯಾನ್ಸರಿನ ಮೇಲೆ ಬೀಳುವಂತೆ ಮಾಡುವ ಇಮ್ಯುನೋಥೆರಪಿ. ಇದರ ಮೂಲ ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಇಪಿಲಿಮುಮ್ಯಾಬ್, ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್, ಹೆಸರುಗಳು ನಾಲಿಗೆ ಹೊರಳದಂಥವು. ಎರಡು ವಾರಕ್ಕೋ ಮೂರು ವಾರಕ್ಕೋ ಒಮ್ಮೆ ಸಲೈನಿನ ಹಾಗೆ ಕೊಡುತ್ತಾರೆ. ಇದು ಕೀಮೋ ಅಲ್ಲ, ಕೂದಲು ಉದುರುವುದಿಲ್ಲ. ಆದರೆ ಬ್ರೇಕ್ ತೆಗೆದ ಗಾಡಿ ನಮ್ಮ ಮೇಲೂ ಹರಿಯಬಹುದು: ಥೈರಾಯ್ಡ್ ಕೆಡುವುದು, ವಿಪರೀತ ಭೇದಿ, ಯಕೃತ್ತಿಗೆ, ಶ್ವಾಸಕೋಶಕ್ಕೆ ಉರಿಯೂತ. ಈ ಔಷಧ ನಡೆಯುವಾಗ ದಿನಕ್ಕೆ ನಾಲ್ಕೈದು ಸಲ ಭೇದಿಯಾದರೆ ಮನೆಮದ್ದು ಮಾಡಿಕೊಂಡು ಕೂರದೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು.

ಒಂದು ವಿಚಿತ್ರ ಹೇಳುತ್ತೇನೆ. ಈ ಔಷಧ ತೆಗೆದುಕೊಂಡ ಕೆಲವರಿಗೆ ಮೈಮೇಲೆ ತೊನ್ನು ಬರುತ್ತದೆ. ನಮ್ಮಲ್ಲಿ ತೊನ್ನು ಎಂದರೆ ಮದುವೆ ಮುರಿಯುವಷ್ಟು ಹೆದರಿಕೆ. ಆದರೆ ಮೆಲನೋಮಾದವರಿಗೆ ತೊನ್ನು ಬಂದರೆ ನಾವು ಡಾಕ್ಟರುಗಳು ಒಳಗೊಳಗೇ ಸಂತೋಷಪಡುತ್ತೇವೆ. ರಕ್ಷಣಾ ಪಡೆ ಬಣ್ಣದ ಕೋಶಗಳನ್ನು ಹುಡುಕಿ ಹುಡುಕಿ ಹೊಡೆಯುತ್ತಿದೆ ಎಂದರ್ಥ. ಅಂಥವರಲ್ಲಿ ಔಷಧ ಚೆನ್ನಾಗಿ ಕೆಲಸ ಮಾಡುವುದು ಹೆಚ್ಚು.

ಆದರೆ ದಾನಿಗಳ ಮುಂದೆ ನಿಂತು ಅರ್ಧ ಸತ್ಯ ಹೇಳಬಾರದು. ಹರಡಿದ ಮೆಲನೋಮಾಕ್ಕೆ ಎರಡು ಇಮ್ಯುನೋಥೆರಪಿ ಔಷಧಗಳನ್ನು ಒಟ್ಟಿಗೆ ಕೊಟ್ಟ ಅಧ್ಯಯನವೊಂದರಲ್ಲಿ ಹತ್ತು ವರ್ಷದ ನಂತರವೂ 43 ಪ್ರತಿಶತ ಜನ ಬದುಕಿದ್ದರು ಎಂದು 2024ರಲ್ಲಿ ಪ್ರಕಟವಾಯಿತು. ಇದು ದೊಡ್ಡ ಸಾಧನೆ. ಆದರೆ ಅವರಲ್ಲಿ ಬಹುಪಾಲು ಬಿಳಿಯರು. ಬಿಸಿಲಿನಿಂದ ಬಂದ ಮೆಲನೋಮಾದಲ್ಲಿ ಜೀನ್‌ಗಳ ಏರುಪೇರು ಜಾಸ್ತಿ, ಅದನ್ನು ರಕ್ಷಣಾ ಪಡೆ ಸುಲಭವಾಗಿ ಗುರುತಿಸುತ್ತದೆ. ನಮ್ಮ ಅಂಗಾಲಿನ ಮೆಲನೋಮಾದಲ್ಲಿ ಅದು ಕಡಿಮೆ, ಔಷಧದ ಫಲವೂ ಕಡಿಮೆ. ಕೆಲವರಲ್ಲಿ ಕಿಟ್ ಎಂಬ ಜೀನ್ ಕೆಟ್ಟಿರುತ್ತದೆ. ಅಂಥವರಿಗೆ ರಕ್ತದ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್ ಮಾತ್ರೆ ಉಪಯೋಗಕ್ಕೆ ಬರುವುದುಂಟು. ಅದು ನಮ್ಮ ದೇಶದಲ್ಲೇ ತಯಾರಾಗುವ ಅಗ್ಗದ ಮಾತ್ರೆ. ಆದ್ದರಿಂದ ಕಿಟ್ ಮತ್ತು ಬ್ರಾಫ್ ಜೀನ್‌ಗಳ ಪರೀಕ್ಷೆ ಮಾಡಿಸದೆ ಲಕ್ಷಾಂತರ ರೂಪಾಯಿಯ ಔಷಧಕ್ಕೆ ಚಂದಾ ಎತ್ತಲು ಹೊರಡಬಾರದು ಎಂಬುದು ನನ್ನ ಅಭಿಪ್ರಾಯ.

ಬೆಲೆಯ ಮಾತು ಬಂದದ್ದರಿಂದ ನಮ್ಮ ಮುಂಬಯಿಯದೇ ಒಂದು ವಿಷಯ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನವರಿಗೆ ನಿವೊಲುಮ್ಯಾಬ್ ಔಷಧವನ್ನು ಸಾಮಾನ್ಯ ಪ್ರಮಾಣದ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ, ಅಂದರೆ 20 ಮಿಲಿಗ್ರಾಂ ಮಾತ್ರ, ಬಾಯಿಯ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರು, ಮಾತ್ರೆ ಮಾತ್ರ ಪಡೆದವರಲ್ಲಿ 16 ಪ್ರತಿಶತ, ಈ ಸಣ್ಣ ಪ್ರಮಾಣವನ್ನೂ ಪಡೆದವರಲ್ಲಿ 43 ಪ್ರತಿಶತ. 2022ರಲ್ಲಿ ಪ್ರಕಟವಾದ ಈ ಕೆಲಸ ಲೋಕದ ಗಮನ ಸೆಳೆದಿದೆ. ಅದು ಮೆಲನೋಮಾದಲ್ಲಿ ಮಾಡಿದ ಅಧ್ಯಯನವಲ್ಲ, ಹಾಗಾಗಿ ನೀವಾಗಿಯೇ ಪ್ರಮಾಣ ಇಳಿಸುವಂತಿಲ್ಲ. ಆದರೆ ಪೂರ್ತಿ ಪ್ರಮಾಣ ಕೈಗೆಟುಕದಿದ್ದರೆ ಬೇರೆ ದಾರಿ ಇದೆಯೇ ಎಂದು ನಿಮ್ಮ ಕ್ಯಾನ್ಸರ್ ವೈದ್ಯರನ್ನು ನಾಚಿಕೆಯಿಲ್ಲದೆ ಕೇಳಿ.

ಈಗ ನಿಧಿಯ ವಿಷಯ. ಸರಕಾರದ ಯೋಜನೆಗಳಿವೆ. ಆಯುಷ್ಮಾನ್ ಭಾರತ್‌ನಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, 70 ದಾಟಿದ ಎಲ್ಲರಿಗೂ 2024ರಿಂದ ಅನ್ವಯ. ಮಹಾರಾಷ್ಟ್ರದ್ದು ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. ಕಲಬುರಗಿ, ವಿಜಯಪುರದ ಕಡೆಯಿಂದ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ರೇಷನ್ ಕಾರ್ಡ್ ಕರ್ನಾಟಕದ್ದು ಇರುತ್ತದೆ. ಅಂಥವರಿಗೆ ಕೆಲವೊಮ್ಮೆ ಬೆಂಗಳೂರಿನ ಕಿದ್ವಾಯಿಗೆ ಹೋಗುವುದೇ ಸುಲಭ. ಇವೆಲ್ಲ ಒಳ್ಳೆಯದೇ. ಆದರೆ ಆಯುಷ್ಮಾನ್ ಭಾರತ್ ಹಣ ಕೊಡುವುದು ಆಸ್ಪತ್ರೆಗೆ ದಾಖಲಾದ ಮೇಲೆ, ಅದರ ಹಿಂದಿನ 3 ದಿನ ಮತ್ತು ಮುಂದಿನ 15 ದಿನಗಳ ಖರ್ಚು ಸೇರಿಸಿ. ಕಲೆ ಕಂಡ ದಿನದಿಂದ ಬಯಾಪ್ಸಿ ರಿಪೋರ್ಟ್ ಕೈಸೇರುವವರೆಗಿನ ಖರ್ಚು ಅದರೊಳಗೆ ಬರುವುದಿಲ್ಲ. ಡಾಕ್ಟರ ಫೀಸು, ಬಯಾಪ್ಸಿ, ಪೆಥಾಲಜಿಯ ವಿಶೇಷ ಪರೀಕ್ಷೆ, ಡೊಂಬಿವಿಲಿಯಿಂದಲೋ ವಿರಾರ್‌ನಿಂದಲೋ ಬಂದು ಹೋಗುವ ಖರ್ಚು, ಹೋದ ದಿನದ ಕೂಲಿ. ಎಲ್ಲ ಸೇರಿ ಕೆಲವು ಸಾವಿರ. ಆ ಕೆಲವು ಸಾವಿರಕ್ಕೆ ಹೆದರಿಯೇ ಜನ ಕಾರ್ನ್ ಕ್ಯಾಪ್ ಅಂಟಿಸುತ್ತಾರೆ.

ನಮ್ಮ ಸಂಘದ ನಿಯಮವೂ ಇದೇ ಕಡೆ ವಾಲಿದೆ. ಆಸ್ಪತ್ರೆಯ ಅಂದಾಜು ಪತ್ರ ತಂದರೆ ಮಾತ್ರ ಅರ್ಜಿ ಸ್ವೀಕಾರ. ಅಂದಾಜು ಪತ್ರ ಸಿಗುವುದು ರೋಗ ಪತ್ತೆಯಾದ ಮೇಲೆ. ಮೋಸ ತಡೆಯಲು ಮಾಡಿದ ನಿಯಮ, ಅದರ ಉದ್ದೇಶ ಸರಿ. ನನ್ನ ಬೇಡಿಕೆ ಇಷ್ಟು: ನಿಧಿಯ ಒಂದು ಸಣ್ಣ ಪಾಲನ್ನು ರೋಗ ಪತ್ತೆಗೆಂದೇ ಬೇರೆ ಇಡಿ. ಚರ್ಮದ್ದು ಮಾತ್ರವಲ್ಲ, ಬಾಯಿಯ ಹುಣ್ಣು, ಎದೆಯ ಗಂಟು, ಯಾವುದೇ ಇರಲಿ. ನೋಂದಾಯಿತ ವೈದ್ಯರೊಬ್ಬರು ‘ಬಯಾಪ್ಸಿ ಬೇಕು’ ಎಂದು ಬರೆದುಕೊಟ್ಟರೆ ಸಮಿತಿಯ ಮುಂದಿನ ತಿಂಗಳ ಸಭೆಗೆ ಕಾಯದೆ ಕಾರ್ಯದರ್ಶಿಯವರೇ ಮಂಜೂರು ಮಾಡಲಿ, ಹಣ ನೇರವಾಗಿ ಲ್ಯಾಬಿಗೆ ಹೋಗಲಿ. ರಿಪೋರ್ಟಿನಲ್ಲಿ ಏನೂ ಇಲ್ಲ ಎಂದು ಬಂದರೆ ‘ಹಣ ದಂಡವಾಯಿತು’ ಎಂದು ಯಾರೂ ಹೇಳಬಾರದು. ಹಾಗೇ ಬರಲಿ ಎಂದೇ ಅಲ್ಲವೇ ನಾವು ಕೊಡುವುದು?

ದೊಡ್ಡ ಅರ್ಜಿಗಳನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ರೋಗ ಹರಡಿದವರ ಮನೆಗೂ ನಾವು ಬೇಕು. ಔಷಧಕ್ಕಲ್ಲದಿದ್ದರೂ ನೋವಿನ ಮಾತ್ರೆಗೆ, ಡ್ರೆಸಿಂಗ್‌ಗೆ, ಮಕ್ಕಳ ಶಾಲೆಯ ಫೀಸಿಗೆ.

ಒಬ್ಬ ದಾನಿಗಳು ಚೀಟಿ ಕಳಿಸಿದ್ದಾರೆ: ‘ಇಷ್ಟು ಅಪರೂಪದ ರೋಗಕ್ಕೆ ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಟಿಬಿ, ಡಯಾಲಿಸಿಸ್ ಎಂದು ಎಷ್ಟೋ ಜನ ಕಾಯುತ್ತಿದ್ದಾರಲ್ಲ?’ ನ್ಯಾಯವಾದ ಪ್ರಶ್ನೆ. ಡಯಾಲಿಸಿಸ್‌ಗೆ ನೆರವು ಕೊಡಲು ಮುಂಬಯಿಯಲ್ಲಿ ನೂರು ಟ್ರಸ್ಟುಗಳಿವೆ. ಸಂಶಯದ ಕಲೆಯೊಂದರ ಬಯಾಪ್ಸಿಗೆ ಹಣ ಕೊಡುವವರನ್ನು ನಾನು ಹೆಚ್ಚು ಕಂಡಿಲ್ಲ. ಖರ್ಚಿನ ಲೆಕ್ಕದಲ್ಲೂ ಒಬ್ಬರ ಒಂದು ತಿಂಗಳ ಇಮ್ಯುನೋಥೆರಪಿಯ ಹಣದಲ್ಲಿ ಹತ್ತಾರು ಜನರ ಬಯಾಪ್ಸಿ ಆಗುತ್ತದೆ.

ಇನ್ನೊಬ್ಬರ ಪ್ರಶ್ನೆ: ‘ಚಿಕಿತ್ಸೆ ಮುಗಿದ ಮೇಲೆ ಏನು ಮಾಡಬೇಕು?’ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ತಪಾಸಣೆ, ಆಮೇಲೆ ಅಂತರ ಹೆಚ್ಚುತ್ತದೆ. ಮನೆಯಲ್ಲಿ ಸ್ನಾನದ ಹೊತ್ತಿಗೆ ತೊಡೆಸಂದಿನಲ್ಲಿ ಕೈಯಾಡಿಸಿ ಗಂಟು ಇದೆಯೇ ನೋಡಬೇಕು. ಕೈಯಲ್ಲಿ ಆಗಿದ್ದರೆ ಕಂಕುಳಲ್ಲಿ. ಗಾಯದ ಕಲೆಯಿಂದ ಮೇಲಕ್ಕೆ ಕಾಲಿನುದ್ದಕ್ಕೂ ಸಣ್ಣ ಸಣ್ಣ ಕಪ್ಪು ಗುಳ್ಳೆ ಕಂಡರೆ ತಪಾಸಣೆಯ ದಿನದವರೆಗೆ ಕಾಯದೆ ಬರಬೇಕು.

ಕೊನೆಯ ಚೀಟಿ ಒಬ್ಬ ತಾಯಿಯದು: ‘ನನ್ನ ಅತ್ತೆಗೆ ಸಕ್ಕರೆ ಕಾಯಿಲೆ, ಬಗ್ಗಿ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ. ಯಾರಿಗಾದರೂ ತೋರಿಸಲು ನಾಚಿಕೆ ಪಡುತ್ತಾರೆ.’ ಅಮ್ಮಾ, ನೆಲದ ಮೇಲೆ ಒಂದು ಕನ್ನಡಿ ಇಟ್ಟು ಅದರ ಮೇಲೆ ಕಾಲು ಹಿಡಿಯಲು ಹೇಳಿ, ಅವರೇ ನೋಡಿಕೊಳ್ಳಲಿ. ಇಲ್ಲವೇ ಮೊಮ್ಮಗನ ಕೈಗೆ ಮೊಬೈಲ್ ಕೊಟ್ಟು ತಿಂಗಳಿಗೊಂದು ಫೋಟೋ ತೆಗೆಸಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಕಲೆ ಬೆಳೆದಿದೆಯೋ ಇಲ್ಲವೋ ನಾಣ್ಯವೇ ಹೇಳುತ್ತದೆ. ಮುಂದಿನ ಆರೋಗ್ಯ ಶಿಬಿರದಲ್ಲಿ ಪರದೆ ಕಟ್ಟಿ ಹೆಂಗಸರಿಗೆ ಬೇರೆ ಕೋಣೆ ಮಾಡಲು ಸಮಿತಿಯವರಿಗೆ ಹೇಳಿದ್ದೇನೆ, ಡರ್ಮೋಸ್ಕೋಪ್ ನಾನೇ ತರುತ್ತೇನೆ. ಅತ್ತೆಯವರನ್ನು ಕರೆದುಕೊಂಡು ಬನ್ನಿ, ಮದರಂಗಿ ಹಚ್ಚದೆ.